ವಂಶದ ಮೂಲ ಹುಡುಕೋದಕ್ಕೆ ಜಿಲ್ಲಾ ಗ್ರಂಥಾಲಯ: ಏನಂತ ಕೇಳಬೇಕು, ಯಾವ ಪುಸ್ತಕ ತೆಗೀಬೇಕು?

ತೆಂಗಿನತೋಟ:
ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಬೇಸಾಯದ ಮನೆತನ. ಮುತ್ತಜ್ಜನ ಹೆಸರು ಗೊತ್ತು, ಅವರ ಅಪ್ಪನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬೇರೆ ಸೀಮೆಯಿಂದ ಬಂದು ನೆಲೆ ನಿಂತವರು ಅನ್ನೋ ಮಾತಿದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಇದಕ್ಕೆ ಉಪಯೋಗಕ್ಕೆ ಬರುವಂಥದ್ದು ಏನಿರುತ್ತೆ? "ವಂಶಾವಳಿ ಪುಸ್ತಕ" ಅಂತ ಕೇಳಿದರೆ ಕೌಂಟರಿನಲ್ಲಿ "ಅಂಥದ್ದೆಲ್ಲ ಇಲ್ಲಿಲ್ಲ" ಅನ್ನುತ್ತಾರೆ. ಏನಂತ ಕೇಳಬೇಕು? ಹಳೇ ಜನಗಣತಿ ಪಟ್ಟಿ ನೋಡಿದರೆ ಹೆಸರು ಸಿಗುತ್ತೆ ಅಂತಲೂ ಓದಿದೆ. ನಿಜವೇ?

ಕಪಾಟು 954:
ಜನಗಣತಿ ವಿಷಯ ಮೊದಲೇ ಹೇಳಿಬಿಡ್ತೀನಿ, ಏಕೆಂದರೆ ಬಹಳ ಜನ ಅದರ ಹಿಂದೆ ಬಿದ್ದು ಕಾಲ ಕಳೆಯುತ್ತಾರೆ. ಇಂಗ್ಲೆಂಡ್, ಅಮೆರಿಕದಲ್ಲಿ ಮನೆಮನೆಯ ಗಣತಿ ಹಾಳೆಗಳನ್ನು ಇಟ್ಟುಕೊಂಡು, ಹಲವು ದಶಕ ಕಳೆದ ಮೇಲೆ ಜನರ ಕೈಗೆ ಕೊಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಮೈಸೂರು ಸೀಮೆಯ 1871ರ ಗಣತಿಯಿಂದ ಹಿಡಿದು ಅಚ್ಚಾಗಿರುವುದೆಲ್ಲ ಮೊತ್ತದ ಕೋಷ್ಟಕ. ಸ್ವಾತಂತ್ರ್ಯಾನಂತರದ ಹಾಳೆಗಳಿಗೆ 1948ರ ಜನಗಣತಿ ಕಾಯ್ದೆಯ ಗೋಪ್ಯತೆ ಇದೆ. ಹೆಸರು ಸಿಗೋದಿಲ್ಲ.

ಹಾಗಂತ ಗಣತಿ ಪುಸ್ತಕ ದಂಡ ಅಲ್ಲ. 1951ರಿಂದ ಬಂದ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಪ್ರತಿ ಊರಿನ ಮನೆ ಎಷ್ಟು, ಜನ ಎಷ್ಟು ಅಂತ ಇರುತ್ತೆ. ನಿಮ್ಮ ಮನೆಯವರು ಹೇಳುವ ಊರಿನ ಮುಂದೆ ಜನಸಂಖ್ಯೆಯೇ ಇಲ್ಲದೆ ವಿಸ್ತೀರ್ಣ ಮಾತ್ರ ಇದ್ದರೆ ಅದು ಬೇಚರಾಕ್ ಗ್ರಾಮ. ಜಮೀನಿಗೆ ಸರ್ವೆ ನಂಬರ್ ಇದೆ, ವಾಸಕ್ಕೆ ಜನ ಇಲ್ಲ. ಬರ, ಪ್ಲೇಗು, ಕೆರೆ ಒಡೆದದ್ದು, ಏನೋ ಒಂದು ಕಾರಣಕ್ಕೆ ಊರು ಎದ್ದುಹೋಗಿದೆ. ವಲಸೆ ಬಂದ ಮನೆತನಕ್ಕೆ ಇದು ದೊಡ್ಡ ಸುಳಿವು.

ಇನ್ನು ಕೇಳೋ ರೀತಿ. "ವಂಶಾವಳಿ" ಅನ್ನಬೇಡಿ. ಡ್ಯೂಯಿ ವರ್ಗೀಕರಣ ಇರುವ ಕಡೆ ವಂಶಚರಿತ್ರೆಗೆ 929 ಅಂತ ಸಂಖ್ಯೆ ಇದೆ ನಿಜ, ಆದರೆ ನಮ್ಮ ಗ್ರಂಥಾಲಯಗಳಲ್ಲಿ ಆ ಕಪಾಟಿನಲ್ಲಿ ಮಕ್ಕಳಿಗೆ ಹೆಸರಿಡುವ ಪುಸ್ತಕವೇ ಜಾಸ್ತಿ. ನಿಮಗೆ ಬೇಕಾದದ್ದು ಚದುರಿಕೊಂಡಿರುತ್ತೆ: ಕರ್ನಾಟಕ ಇತಿಹಾಸದ 954.87, ಜೀವನಚರಿತ್ರೆಯ 920, ಪರಾಮರ್ಶನ ವಿಭಾಗದ ಬೀಗ ಹಾಕಿದ ಬೀರು. ಎಲ್ಲಕ್ಕಿಂತ ಮುಖ್ಯವಾಗಿ ನಂಬರೇ ಬೀಳದ ಸ್ಮರಣ ಸಂಚಿಕೆಗಳ ರಾಶಿ. ಹೀಗೆ ಕೇಳಿ: "ಈ ಜಿಲ್ಲೆಯ ಗ್ಯಾಸೆಟಿಯರ್, ಶಾಸನ ಸಂಪುಟ, ಶಾಲೆ-ದೇವಸ್ಥಾನ-ಸಹಕಾರ ಸಂಘಗಳ ಸ್ಮರಣ ಸಂಚಿಕೆ, ಸ್ಥಳೀಯ ಲೇಖಕರ ಪುಸ್ತಕ ನೋಡಬೇಕು." ಗ್ಯಾಸೆಟಿಯರ್ ಅಂದರೆ ಜಿಲ್ಲೆಯ ಊರು, ಜನ, ಚರಿತ್ರೆಯನ್ನೆಲ್ಲ ವಿವರಿಸುವ ಸರ್ಕಾರಿ ಗ್ರಂಥ. ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ಅಲ್ಲಿಗೆ ಬಿಡಬೇಡಿ. ಹಳೇ ಪುಸ್ತಕ ಎಷ್ಟೋ ಕಡೆ ಕ್ಯಾಟಲಾಗಿಗೆ ಏರಿಲ್ಲ. ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳನ್ನು ಬಂದ ಕ್ರಮದಲ್ಲೇ ಬರೆದಿಡುವ ದಫ್ತರ) ತೋರಿಸಲು ವಿನಯದಿಂದ ಕೇಳಿ. ಮತ್ತೆ, ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಭಾನುವಾರ ಊರಿಗೆ ಹೋಗಿ ಸೋಮವಾರ ನೋಡೋಣ ಅಂದುಕೊಂಡರೆ ಬಾಗಿಲು ಹಾಕಿರುತ್ತೆ.

ಖಾತೆ ಕಿರ್ದಿ:
ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ. ಗ್ರಂಥಾಲಯದಲ್ಲಿ ನಿಮ್ಮ ಮುತ್ತಜ್ಜನ ಹೆಸರು ಸಿಗುತ್ತೆ ಅಂತ ಹೋಗಬೇಡಿ. ಯಾವ ಕಚೇರಿಗೆ ಹೋಗಿ, ಯಾವ ಇಸವಿಯ ಯಾವ ದಫ್ತರ ಕೇಳಬೇಕು ಅನ್ನೋದು ಅಲ್ಲಿ ಗೊತ್ತಾಗುತ್ತೆ. ಅದು ಗೊತ್ತಿಲ್ಲದೆ ತಾಲ್ಲೂಕು ಕಚೇರಿಗೆ ಹೋದರೆ "ಸರ್ವೆ ನಂಬರ್ ತನ್ನಿ" ಅಂತ ಕಳಿಸ್ತಾರೆ, ಅಷ್ಟೇ.

ಹೋಗುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರ್ಕೊಳ್ಳಿ: ಊರಿನ ಹೆಸರು ಮತ್ತು ಜನರ ಬಾಯಲ್ಲಿ ಅದು ಹೇಗೆ ಬರುತ್ತೆ, ಹೋಬಳಿ, ಆಗಿನ ತಾಲ್ಲೂಕು, ಈಗಿನ ತಾಲ್ಲೂಕು, ಕುಲ, ಬೆಡಗು (ಕುಲದೊಳಗಿನ ಕವಲು) ಅಥವಾ ಗೋತ್ರ, ಮನೆದೇವರು ಯಾವುದು, ಎಲ್ಲಿಯದು, ಹೆಣ್ಣು ತಂದ ಊರು, ಹೆಣ್ಣು ಕೊಟ್ಟ ಊರು. ಕೊನೆಯದಕ್ಕೆ ಟ್ರಂಕಿನಲ್ಲಿ ಹಳೇ ಮುಯ್ಯಿ ಪುಸ್ತಕ ಇದೆಯೇ ನೋಡಿ. ಮದುವೆಯಲ್ಲಿ ಮುಯ್ಯಿ ಓದಿಸಿದವರ ಹೆಸರು, ಊರು, ಎಷ್ಟು ಕೊಟ್ಟರು ಅಂತ ಬರೆದಿಟ್ಟ ಪುಸ್ತಕ. ಯಾವ ಸರ್ಕಾರಿ ದಾಖಲೆಯೂ ಕೊಡದ ನೆಂಟರ ನಕ್ಷೆ ಅದರಲ್ಲಿರುತ್ತೆ.

ಮನೆದೇವರು ಬಹಳ ಮುಖ್ಯ. ನಿಮ್ಮದು ಅರಸೀಕೆರೆ, ಮನೆದೇವರು ನಾಲ್ಕು ತಾಲ್ಲೂಕು ಆಚೆಯ ಯಾವುದೋ ಸಣ್ಣ ಹಳ್ಳಿಯದಾದರೆ, ಆ ಹಳ್ಳಿಯ ಸುತ್ತಲಿಂದ ಬಂದವರು ಅನ್ನೋದಕ್ಕೆ ಅದು ಬಲವಾದ ಸೂಚನೆ. ತಿರುಪತಿ, ಧರ್ಮಸ್ಥಳ, ನಂಜನಗೂಡು ಅಂದರೆ ಮಾತ್ರ ಏನೂ ಹೇಳಕ್ಕಾಗಲ್ಲ. ಅಲ್ಲಿಗೆ ನಾಡೆಲ್ಲ ಒಕ್ಕಲು.

ಶಾಸನಪ್ರಿಯ:
ಅರಸೀಕೆರೆ ಅಂದರೆ ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ, ಹಾಸನ ಜಿಲ್ಲೆ, 1902. ತಾಲ್ಲೂಕುವಾರು ವಿಂಗಡಿಸಿ, ಯಾವ ಊರಿನಲ್ಲಿ, ಯಾವ ಗುಡಿಯ ಯಾವ ದಿಕ್ಕಿನ ಕಲ್ಲು ಅಂತ ಕೊಟ್ಟಿದ್ದಾರೆ. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ, ಮೂರೂ ಇದೆ. ನಿಮ್ಮ ಊರಿನ ವೀರಗಲ್ಲಿನಲ್ಲಿ ಗೌಡರ ಹೆಸರು ಸಿಗಬಹುದು.

ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಯೂ ಬೇರೆ, ಶಾಸನದ ಸಂಖ್ಯೆಯೂ ಬೇರೆ. ಯಾರೋ ಲೇಖನದಲ್ಲಿ "ಅರಸೀಕೆರೆ 40" ಅಂತ ಬರೆದಿದ್ದರೆ ಹಳೆಯದೋ ಹೊಸದೋ ಮೊದಲು ತಿಳ್ಕೊಳ್ಳಿ. ಇಲ್ಲದಿದ್ದರೆ ಬೇರೆ ಊರಿನ ಕಲ್ಲು ಓದಿ ನಮ್ಮದೇ ಅಂತ ಕೂರ್ತೀರಿ.

ಖಾತೆ ಕಿರ್ದಿ:
ಶಾಸನಪ್ರಿಯ ಅವರೇ, ಇಲ್ಲಿ ತಕರಾರು ಇದೆ. ಹೊಯ್ಸಳರ ಕಾಲದ ಕಲ್ಲಿನ ಗೌಡನಿಗೂ 1900ರ ಆಸುಪಾಸಿನ ಮುತ್ತಜ್ಜನಿಗೂ ನಡುವೆ ಏಳು ನೂರು ವರ್ಷ. ನಡುವಿನ ಒಂದೂ ಕೊಂಡಿ ಇಲ್ಲದೆ "ನಮ್ಮ ಪೂರ್ವಜ" ಅನ್ನೋಕೆ ಹೇಗಾಗುತ್ತೆ? ಅದೂ ಇವರು ಬೇರೆ ಸೀಮೆಯಿಂದ ಬಂದವರು ಅಂತಿದ್ದಾರೆ.

ಶಾಸನಪ್ರಿಯ:
ಒಪ್ಪಿದೆ. ನಾನು ಹೇಳಿದ್ದು ಊರಿನ ಚರಿತ್ರೆಗೆ. ಆ ಊರು ಆಗ ಯಾವ ಹೆಸರಿನಲ್ಲಿತ್ತು, ಯಾವ ನಾಡಿಗೆ ಸೇರಿತ್ತು, ಅಗ್ರಹಾರವೋ ಅಲ್ಲವೋ ಅನ್ನೋದು ಶಾಸನದಿಂದಲೇ ತಿಳಿಯೋದು. ವಂಶಕ್ಕೆ ಜೋಡಿಸೋಕೆ ಅಲ್ಲ.

ಶಾಸನಕ್ಕೂ ಕಂದಾಯ ದಾಖಲೆಗೂ ನಡುವೆ ಕೈಫಿಯತ್ತುಗಳಿವೆ. ಕರ್ನಲ್ ಮೆಕೆಂಜಿ 1800ರ ಸುಮಾರಿಗೆ ಮೈಸೂರು ಸರ್ವೆ ಮಾಡುವಾಗ ಊರೂರಿನ ಶಾನುಭೋಗರು, ಹಿರಿಯರ ಬಾಯಿಂದ ಬರೆಸಿದ ಸ್ಥಳಚರಿತ್ರೆಗಳು. ಕನ್ನಡದವನ್ನು ಎಂ. ಎಂ. ಕಲಬುರ್ಗಿ ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತೆ. ಪಾಳೆಯಗಾರರು, ನಾಡಗೌಡರು, ಇನಾಮುದಾರರ ಮನೆತನ ಆದರೆ ನೋಡಲೇಬೇಕು. ಸಾಮಾನ್ಯ ರೈತ ಕುಟುಂಬದ ಹೆಸರು ಅದರಲ್ಲಿ ಬರೋದು ಅಪರೂಪ.

ತೆಂಗಿನತೋಟ:
ಹಾಗಾದರೆ ಸಾಮಾನ್ಯ ರೈತ ಕುಟುಂಬವನ್ನು ಕಾಗದದ ಮೇಲೆ ಎಲ್ಲಿಯವರೆಗೆ ಹಿಂದಕ್ಕೆ ತೆಗೆದುಕೊಂಡು ಹೋಗಬಹುದು?

ಖಾತೆ ಕಿರ್ದಿ:
ಹಳೇ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅದಕ್ಕೆ ಹಿಂದೆ ಜಮೀನನ್ನು ಬಿತ್ತನೆಯ ಲೆಕ್ಕದಲ್ಲಿ, ಖಂಡುಗ-ಕೊಳಗದಲ್ಲಿ ಹೇಳುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗ. ಮನೆಯ ಕಾಗದದಲ್ಲಿ ಸರ್ವೆ ನಂಬರ್ ಇಲ್ಲದೆ ಬರೀ ಖಂಡುಗದ ಲೆಕ್ಕ ಇದ್ದರೆ ಸರ್ವೆಗೆ ಹಿಂದಿನದಿರಬಹುದು. ಖಚಿತ ಅಲ್ಲ, ರೂಢಿ ಆಮೇಲೂ ನಡೆದಿದೆ. ಎಕರೆ-ಗುಂಟೆ ಬಂದಿದ್ದರೆ ಸರ್ವೆ ನಂತರದ್ದು. ಹಾಗಾಗಿ ಸಾಧಾರಣವಾಗಿ 1860-70ರ ದಶಕದವರೆಗೆ, ಅದೂ ಸ್ವಂತ ಜಮೀನಿದ್ದವರಿಗೆ. ಜೀತ, ಕೂಲಿ, ಗೇಣಿ ಮಾಡಿದವರಿಗೆ ಅಷ್ಟೂ ಇಲ್ಲ.

ಕಚೇರಿಯಲ್ಲಿ ಈಗಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಭೂಮಿ ತಂತ್ರಾಂಶದ ಗಣಕೀಕೃತ ಪಹಣಿ ಎಲ್ಲ ತಾಲ್ಲೂಕಿಗೂ ಬಂದದ್ದು 2002ರ ಹೊತ್ತಿಗೆ. ಅದಕ್ಕೆ ಹಿಂದಿನದು ಕೈಬರಹದ ಪಹಣಿ, ತಾಲ್ಲೂಕು ರೆಕಾರ್ಡ್ ರೂಮಿನಲ್ಲಿ. ಅಲ್ಲಿಂದ ಮ್ಯುಟೇಷನ್ ರಿಜಿಸ್ಟರ್, ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕುದಾಖಲೆ) ಪುಸ್ತಕ. ಕೊನೆಗೆ ಸರ್ವೆ ಇಲಾಖೆಯ ಅಳತೆಯ ಮೂಲ ಟಿಪ್ಪಣಿ, ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ಆಕಾರಬಂದ್. ಮ್ಯುಟೇಷನ್ ರಿಜಿಸ್ಟರಿನಲ್ಲಿ ಪ್ರತಿ ನಮೂದಿಗೂ ಕಾರಣ ಬರೆದಿರ್ತಾರೆ: ಕ್ರಯ, ದಾನ, ವಿಭಾಗ, ಪೌತಿ. ನೀವು ಹುಡುಕಬೇಕಾದ್ದು ಪೌತಿ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರಿಗೆ ಖಾತೆ ಬದಲಾದ ನಮೂದು. "ತಿಮ್ಮೇಗೌಡ ಬಿನ್ ಕೆಂಚೇಗೌಡ ಫೌತ್, ಮಕ್ಕಳು ಇಂತಿಂಥವರು" ಅನ್ನೋ ಒಂದೇ ಸಾಲಿನಲ್ಲಿ ಮೂರು ತಲೆಮಾರು ಬಂದುಬಿಡುತ್ತೆ. ಆದರೆ ಆ ತಾರೀಖು ಸತ್ತ ತಾರೀಖಲ್ಲ, ಖಾತೆ ಬದಲಾದ ತಾರೀಖು. ಎಷ್ಟೋ ಮನೆಗಳಲ್ಲಿ ಹತ್ತಿಪ್ಪತ್ತು ವರ್ಷ ತಡವಾಗಿ ಮಾಡಿಸಿದ್ದಾರೆ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಹಳೇ ಪೌತಿ ನಮೂದುಗಳಲ್ಲಿ ಹೆಣ್ಣುಮಕ್ಕಳ ಹೆಸರು ಇರೋದೇ ಕಡಿಮೆ. ಇಲ್ಲ ಅಂದ ಮಾತ್ರಕ್ಕೆ ಹೆಣ್ಣುಮಕ್ಕಳೇ ಇರಲಿಲ್ಲ ಅಂತಲ್ಲ. ಎರಡು, ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ಕೆಂಚೇಗೌಡನ ಮಗ ತಿಮ್ಮೇಗೌಡ, ಅವನ ಮಗ ಮತ್ತೆ ಕೆಂಚೇಗೌಡ. ಇಸವಿ ಬರೆಯದೆ ಹೆಸರಷ್ಟೇ ಬರೆದಿಟ್ಟರೆ ಎರಡು ತಲೆಮಾರು ಒಂದಾಗಿ ಕೂರುತ್ತೆ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ಆಧಾರ ಅಂತ ಹಿಡಿಯಬೇಡಿ. ಅರ್ಜಿದಾರರ ಹೇಳಿಕೆ ಮತ್ತು ಮಹಜರಿನ ಮೇಲೆ ಮಾಡೋದು ಅದು. 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಗೇಣಿದಾರರು ನಮೂನೆ 7ರಲ್ಲಿ ಹಾಕಿದ ಅರ್ಜಿಗಳು ಅದಕ್ಕಿಂತ ಮೇಲು. ಭೂನ್ಯಾಯಮಂಡಳಿಯ ಮುಂದೆ ಎರಡೂ ಕಡೆಯವರು ಹೇಳಿಕೆ ಕೊಟ್ಟಿರ್ತಾರೆ, ಒಬ್ಬರು ಸುಳ್ಳು ಹೇಳಿದರೆ ಇನ್ನೊಬ್ಬರು ಸುಮ್ಮನಿರೋದಿಲ್ಲ. ಸ್ವಂತ ಜಮೀನಿಲ್ಲದ ಕುಟುಂಬದ ಹೆಸರು ಕಂದಾಯ ಕಡತದಲ್ಲಿ ಮೊದಲ ಸಲ ಕಾಣೋದು ಹೆಚ್ಚಾಗಿ ಇಲ್ಲೇ.

ಕಪಾಟು 954:
ಗ್ರಂಥಾಲಯದ ಕಡೆಗೆ ವಾಪಸ್ ಬರೋಣ. ಊರು, ತಾಲ್ಲೂಕಿನ ಹೆಸರು ಬದಲಾಗಿರೋದು ತಲೆನೋವಿನ ವಿಷಯ. ಹಳೇ ಪುಸ್ತಕದಲ್ಲಿ ಸಕಲೇಶಪುರ ಹುಡುಕಿದರೆ ಸಿಗೋದಿಲ್ಲ, ತಾಲ್ಲೂಕಿನ ಹೆಸರು ಮಂಜರಾಬಾದ್. ರಾಮನಗರ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಕುಶಾಲನಗರ ಫ್ರೇಸರ್‌ಪೇಟೆ. ಕೃಷ್ಣರಾಜನಗರದವರು ಎಡತೊರೆ ನೋಡಬೇಕು, ಚಿಕ್ಕಮಗಳೂರಿನವರು ಕಡೂರು ಜಿಲ್ಲೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಅದಕ್ಕೆ ಮುಂಚಿನದೆಲ್ಲ ಮೈಸೂರು ಜಿಲ್ಲೆಯ ಸಂಪುಟದಲ್ಲಿ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ಕಡೆ ಕೊಯಮತ್ತೂರು ಜಿಲ್ಲೆ, ಮೈಸೂರಿನ ಪುಸ್ತಕಗಳಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಕನ್ನಂಬಾಡಿ, ಲಿಂಗನಮಕ್ಕಿ ನೀರಿನಲ್ಲಿ ಮುಳುಗಿದ ಊರುಗಳಿಗೆ ಅಣೆಕಟ್ಟಿಗೆ ಮುಂಚಿನ ನಕ್ಷೆಯೇ ಬೇಕು.

ಗ್ಯಾಸೆಟಿಯರ್ ಅಂದರೆ ರೈಸ್ ಅವರದು 1877, ಪರಿಷ್ಕೃತ 1897. ಹಯವದನರಾಯರದು 1920ರ ದಶಕದ ಕೊನೆಯದು. ಇಬ್ಬರದ್ದೂ ನೋಡಿ. ರೈಸ್ ಸಂಕ್ಷಿಪ್ತ, ಹಯವದನರಾಯರು ಪಕ್ಕದ ದಾರಿಗಳಿಗೆಲ್ಲ ಹೋಗಿಬರುತ್ತಾರೆ, ನಮಗೆ ಬೇಕಾದ್ದು ಹೆಚ್ಚಾಗಿ ಆ ಪಕ್ಕದ ದಾರಿಯಲ್ಲೇ.

ಇನ್ನು ಸ್ಮರಣ ಸಂಚಿಕೆ. ಶಾಲೆಯ ಶತಮಾನೋತ್ಸವದ ಸಂಚಿಕೆ ಸಿಕ್ಕರೆ ಹೀಗೆ ಓದಿ. ಮಂತ್ರಿಗಳ ಸಂದೇಶ, ಸ್ವಾಮಿಗಳ ಆಶೀರ್ವಚನ ಬಿಡಿ, ಸೀದಾ ಹಿಂದಿನಿಂದ ಶುರು ಮಾಡಿ. ಕೊನೆಯಲ್ಲಿ ದಾನಿಗಳ ಪಟ್ಟಿ: ಹೆಸರು, ತಂದೆಯ ಹೆಸರು, ಈಗ ಇರುವ ಊರು. "ದಿ. ಇಂಥವರ ಜ್ಞಾಪಕಾರ್ಥ ಅವರ ಮೊಮ್ಮಕ್ಕಳು" ಅನ್ನೋ ಸಾಲುಗಳು ಚಿನ್ನ. ಅದಕ್ಕೆ ಹಿಂದೆ ಜಾಹೀರಾತು: ದಲ್ಲಾಳಿ ಮಂಡಿ, ರೈಸ್ ಮಿಲ್, ಜವಳಿ ಅಂಗಡಿ, ಮಾಲೀಕರ ಹೆಸರಿನ ಸಮೇತ. ಮಧ್ಯದಲ್ಲಿ ಮುಖ್ಯೋಪಾಧ್ಯಾಯರ ಪಟ್ಟಿ, ಗುಂಪು ಫೋಟೋ. ಶಾಲೆಯ ಮೊದಲ ದಾಖಲಾತಿ ರಿಜಿಸ್ಟರಿನ ಪುಟವನ್ನೇ ಫೋಟೋ ಹಾಕಿದ್ದರೆ ನಿಮ್ಮ ಅದೃಷ್ಟ. ಆ ರಿಜಿಸ್ಟರಿನ ಹುಟ್ಟಿದ ದಿನಾಂಕವನ್ನು ಮಾತ್ರ ನೆಚ್ಚಬೇಡಿ. ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೇ ಹೆಚ್ಚು. ತಂದೆಯ ಹೆಸರು, ಊರು, ಜಾತಿ ಸಾಮಾನ್ಯವಾಗಿ ಸರಿ ಇರುತ್ತೆ.

ಸರ್ಕಾರಿ ಕೆಲಸದಲ್ಲಿದ್ದ ಹಿರಿಯರಿಗೆ ಮೈಸೂರು ಗೆಜೆಟ್: ನೇಮಕ, ವರ್ಗಾವಣೆ, ರಜೆ. ಪದವಿ ಪಡೆದವರಿಗೆ ಮದ್ರಾಸ್, ಬೊಂಬಾಯಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಲೆಂಡರುಗಳು, ಅವುಗಳಲ್ಲಿ ಪದವೀಧರರ ಪಟ್ಟಿ ಇರುತ್ತೆ. ಊರ ಪ್ರಮುಖರು, ವರ್ತಕರು ಆಗಿದ್ದರೆ 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು. ಯಾವ ತಾಲ್ಲೂಕಿನ ಪ್ರತಿನಿಧಿ, ಯಾವ ಕೆರೆ ಕೋಡಿ ರಿಪೇರಿ ಕೇಳಿದರು ಅನ್ನೋದೂ ಅಚ್ಚಾಗಿದೆ. ಜಿಲ್ಲಾ ಗ್ರಂಥಾಲಯದಲ್ಲಿ ಇವು ಬಿಡಿಬಿಡಿಯಾಗಿ ಇರಬಹುದು, ಪೂರ್ಣ ಸಾಲು ಬೇಕಾದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ರಾಜ್ಯ ಪತ್ರಾಗಾರ.

ನೇತ್ರಾವತಿ:
ಘಟ್ಟದ ಮೇಲಿನವರ ಲೆಕ್ಕ ಕರಾವಳಿಗೆ ಹೊಂದುವುದಿಲ್ಲ ಮಾರಾಯ್ರೆ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನ ಕಟ್ಟು. ವಂಶ ಹೋಗುವುದು ತಾಯಿಯ ಕಡೆಯಿಂದ, ಬಳಿಯೂ (ಗೋತ್ರದಂಥ ಗುಂಪು) ತಾಯಿಯದೇ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಡಿದುಕೊಂಡು ಹೋದರೆ ಪ್ರತಿ ತಲೆಮಾರಿಗೂ ಬೇರೆ ಬೇರೆ ಕುಟುಂಬಕ್ಕೆ ಹೋಗಿ ಬೀಳುತ್ತೀರಿ. ದಾಖಲೆಯಲ್ಲಿ ಯಜಮಾನನ ಹೆಸರಿನ ಮುಂದೆ ಅವನ ನಂತರ ಬಂದವನು ಮಗನಲ್ಲ, ತಮ್ಮನೋ ಸೋದರಳಿಯನೋ ಆಗಿರುತ್ತಾನೆ. ಇದು ಗೊತ್ತಿಲ್ಲದೆ ಅಳಿಯನನ್ನು ಮಗ ಎಂದು ಬರೆದುಕೊಂಡ ವಂಶವೃಕ್ಷಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಗೆ ಮುಂಚೆ ಒಬ್ಬ ಸದಸ್ಯ ಹಟ ಹಿಡಿದರೆ ಕುಟುಂಬದ ಆಸ್ತಿ ಪಾಲು ಆಗುತ್ತಿರಲಿಲ್ಲ, ಎಲ್ಲರೂ ಒಪ್ಪಬೇಕಿತ್ತು. ಹಾಗಾಗಿ ವಿಭಾಗ ಪತ್ರಗಳು ಆ ಕಾಯ್ದೆಯ ನಂತರ ಹೆಚ್ಚು. ಆ ಪತ್ರಗಳಲ್ಲಿ ಕವರು ಕವರಾಗಿ (ಕವರು ಎಂದರೆ ಒಬ್ಬ ತಾಯಿಯ ಸಂತತಿಯ ಕವಲು), ಹೆಂಗಸರ ಹೆಸರಿನ ಕೆಳಗೆ ಮಕ್ಕಳನ್ನು ಬರೆದಿರುತ್ತಾರೆ. ಅದಕ್ಕೆ ಹಿಂದಿನ ಕಾಲಕ್ಕೆ ಕಾನೂನು ವರದಿಗಳನ್ನು ನೋಡಿ. 1876ರಿಂದ ಬರುತ್ತಿರುವ ಇಂಡಿಯನ್ ಲಾ ರಿಪೋರ್ಟ್ಸ್‌ನ ಮದ್ರಾಸ್ ಸರಣಿಯಲ್ಲಿ ದಕ್ಷಿಣ ಕನ್ನಡದ ಕುಟುಂಬ ವ್ಯಾಜ್ಯಗಳಿವೆ, ಕೆಲವು ತೀರ್ಪುಗಳೊಳಗೆ ವಂಶವೃಕ್ಷದ ಪಟವನ್ನೇ ಅಚ್ಚು ಹಾಕಿದ್ದಾರೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ಇರುತ್ತದೆ. ವ್ಯಾಜ್ಯ ಮಾಡಿದ ಕುಟುಂಬದವರು ಈ ಒಂದು ವಿಷಯದಲ್ಲಿ ಪುಣ್ಯವಂತರು.

ಇಲ್ಲಿಯ ದಾಖಲೆಗಳಲ್ಲಿ ಫಸಲಿ ವರ್ಷ, ಎಂದರೆ ಕಂದಾಯದ ಲೆಕ್ಕದ ವರ್ಷ. ಮದ್ರಾಸ್ ಫಸಲಿಗೆ 590 ಕೂಡಿಸಬೇಕು, ಜುಲೈ 1ಕ್ಕೆ ಶುರು. ಫಸಲಿ 1300 ಎಂದರೆ 1890 ಜುಲೈಯಿಂದ 1891 ಜೂನ್. ಉತ್ತರ ಕನ್ನಡದವರು ಗಮನಿಸಿ, ನಿಮ್ಮ ಜಿಲ್ಲೆ 1862ರಲ್ಲಿ ಬೊಂಬಾಯಿಗೆ ಹೋಯಿತು. ಅದಕ್ಕೆ ಮುಂಚಿನದು ಮದ್ರಾಸ್ ದಾಖಲೆ, ಆಮೇಲಿನದು ಬೊಂಬಾಯಿ ದಾಖಲೆ. ಕಾಸರಗೋಡಿನದು 1956ರವರೆಗೆ ದಕ್ಷಿಣ ಕನ್ನಡದ ಪುಸ್ತಕಗಳಲ್ಲೇ ಇದೆ.

ಪ್ರೊಟೆಸ್ಟೆಂಟ್ ಕುಟುಂಬದವರು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರವನ್ನು ಕೇಳಿ, ಬಾಸೆಲ್ ಮಿಶನ್ ಕಾಗದಗಳು ಅಲ್ಲಿವೆ. ಮಿಶನ್‌ನವರು 1834ರಲ್ಲೇ ಬಂದವರು. ಅವರ ಹಳೆಯ ಫೋಟೋಗಳು ಬಾಸೆಲ್‌ನ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಸಿಗುತ್ತವೆ. ಕ್ಯಾಥೊಲಿಕರಿಗೆ ಇಗರ್ಜಿಯ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕ. ಆದರೆ 1784ರಲ್ಲಿ ಟಿಪ್ಪು ಕಾಲದ ಸೆರೆಯಿಂದ ಸಮುದಾಯವೇ ಚದುರಿದ್ದರಿಂದ ಅದಕ್ಕಿಂತ ಹಿಂದಕ್ಕೆ ಹೋಗುವುದು ಬಹಳ ಕಷ್ಟ.

ಬೆಣ್ಣಿಹಳ್ಳ:
ನಮ್ಮ ಕಡೀದು ಇನ್ನೊಂದು ಥರಾ ಐತ್ರಿ. ಧಾರವಾಡ, ಬೆಳಗಾವಿ, ವಿಜಾಪುರ ಅಂದ್ರ ಬೊಂಬಾಯಿ ಪ್ರಾಂತ್ಯ. ಬಾಂಬೆ ಗ್ಯಾಸೆಟಿಯರ್ ಸಂಪುಟ 21 ಬೆಳಗಾವಿ, 22 ಧಾರವಾಡ, 23 ವಿಜಾಪುರ, ಮೂರೂ 1884ರವು. ಗ್ರಂಥಾಲಯದಾಗ ಹೆಸರು ಹೇಳೋದಕ್ಕಿಂತ ಸಂಪುಟದ ನಂಬರ್ ಹೇಳ್ರಿ, ಲಗೂ ಸಿಗತದ.

ಕುಲಕರ್ಣಿ, ದೇಸಾಯಿ, ದೇಶಪಾಂಡೆ, ಪಾಟೀಲ ಮನೆತನ ಇದ್ರ ವತನದ ದಾಖಲೆ ನೋಡ್ರಿ. ವತನ ಅನ್ನೋದು ವಂಶಪರಂಪರೆಯ ಹಕ್ಕು. 1874ರ ಬೊಂಬಾಯಿ ಕಾಯ್ದೆ ಪ್ರಕಾರ ವತನದಾರರ ರಜಿಸ್ಟರ್ ಇಡತಿದ್ರು. ಯಾರ ಹಿಸ್ಸೆ ಎಷ್ಟು ಅನ್ನೋ ತಂಟೆ ಬಂದಾಗೆಲ್ಲ ವಂಶಾವಳಿ ಬರದು ಕಡತಕ್ಕ ಹಚ್ಚಿರತಾರ. ಇವು ಹೆಚ್ಚಾಗಿ ಮರಾಠಿ, ಅದೂ ಮೋಡಿ ಲಿಪಿ. ದೇವನಾಗರಿ ಬರತದ ಅಂತ ಹೋದ್ರ ಒಂದಕ್ಷರಾನೂ ತಿಳಿಯೂದಿಲ್ಲ. ಶಬ್ದದ ನಡುವ ಬಿಡುವ ಇಲ್ಲ, ಹ್ರಸ್ವ ದೀರ್ಘ ಭೇದ ಇಲ್ಲ. ಓದಾವರನ್ನ ಗೊತ್ತು ಮಾಡೂದು ಛಲೋ. ಆದ್ರೂ ಮನೆತನದ ಹೆಸರು, ಊರಿನ ಹೆಸರು, ಅಂಕಿ, ಇಷ್ಟು ಮೋಡಿಯೊಳಗ ಹೆಂಗ ಕಾಣತಾವ ಅಂತ ಮೊದಲ ಕಲಿತುಕೊಳ್ರಿ. ಯಾವ ಹಾಳಿ ಓದಸಬೇಕು, ಯಾವುದು ಬ್ಯಾಡ ಅನ್ನೋದರ ನಿಮಗ ತಿಳೀತದ.

ಮತ್ತ ಹೆಳವರನ್ನ ಯಾರೂ ನೆನಸಲಿಲ್ಲ! ಎತ್ತಿನ ಮ್ಯಾಲೆ ಕುಂತು, ಗಂಟಿ ಬಾರಿಸಿಕೋತ ಬಂದು ಮನೆತನದ ವಂಶ ಹೇಳೋದೇ ಅವರ ಕಸುಬು. ಒಂದೊಂದು ಹೆಳವರ ಮನೆತನಕ್ಕ ಇಂತಿಂಥಾ ಒಕ್ಕಲು ಅಂತ ಹಂಚಿಕಿ ಇರತದ. ಅವರ ಪುಸ್ತಕದಾಗ ಯಾವ ಊರಿಂದ ಬಂದ್ರಿ, ಯಾರಿಗೆ ಎಷ್ಟು ಮಕ್ಕಳು, ಎಲ್ಲಾ ಬರಕೊಂಡಿರತಾರ. ತೆಂಗಿನತೋಟದವರ, ನಿಮ್ಮ ಮೂಲ ಬಡಗಣ ಸೀಮಿ ಇದ್ರ ಆ ಊರಾಗ ಸುಗ್ಗಿ ಮುಗದ ಮ್ಯಾಲೆ ಕೇಳಸ್ರಿ, ಕಾಳುಕಡಿ ಮನಿಗೆ ಬಂದಿರೂ ಹೊತ್ತಿಗೇ ಅವರು ಬರೂದು. ಹೇಳಿದ್ದನ್ನ ಅವರ ಒಪ್ಪಿಗಿ ತಗೊಂಡು ರೆಕಾರ್ಡ್ ಮಾಡ್ರಿ. ಕಾಣಿಕಿ ಕೊಡೂದು ಪದ್ಧತಿ, ಚೌಕಾಶಿ ಮಾಡಬ್ಯಾಡ್ರಿ.

ಶಾಸನಪ್ರಿಯ:
ಹೆಳವರ ಹೇಳಿಕೆಯಲ್ಲಿ ಹತ್ತಿರದ ತಲೆಮಾರುಗಳನ್ನು ನಂಬಬಹುದು. ಮೂಲಪುರುಷ, ದೇವರು ಪ್ರತ್ಯಕ್ಷವಾಗಿ ವರ ಕೊಟ್ಟದ್ದು ಇತ್ಯಾದಿ ಬೇರೆ ಪದರ. ಎರಡನ್ನೂ ಬರೆದುಕೊಳ್ಳಿ, ಒಂದೇ ಪಟದಲ್ಲಿ ಒಂದೇ ಗೆರೆಯಿಂದ ಜೋಡಿಸಬೇಡಿ.

ಕೋಟೆಬುರುಜು:
ಕಲಬುರಗಿ, ಬೀದರ, ರಾಯಚೂರಿನವರಿಗೆ: 1948ರವರೆಗೆ ನಿಜಾಮರ ಆಡಳಿತ, ಕಡತಗಳು ಉರ್ದು, ಹಳೆಯವು ಪಾರಸಿ. ಹಿರಿಯ ಮಟ್ಟದ ದಾಖಲೆಗಳು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ, ಬೆಂಗಳೂರಿನಲ್ಲಿ ಹುಡುಕಬೇಡಿ. ಫಸಲಿ ಅಂದ ಕೂಡಲೇ ನೇತ್ರಾವತಿ ಅವರ ಸೂತ್ರ ಹಾಕಬೇಡಿ. ಹೈದರಾಬಾದ್ ಫಸಲಿ ಅಕ್ಟೋಬರಿನಲ್ಲಿ ಶುರು, ತಿಂಗಳುಗಳು ಆಜರ್, ದೈ, ಬಹಮನ್ ಅಂತ. ಆ ಹೆಸರು ಕಂಡರೆ ಅದು ನಿಜಾಮರ ಲೆಕ್ಕ.

ತೆಂಗಿನತೋಟ:
ಮನೆಯಲ್ಲಿ ಒಂದು ಕಾಗದದ ಮೇಲೆ "ಆನಂದ ನಾಮ ಸಂವತ್ಸರದ ಮಾಘ ಶುದ್ಧ ಪಂಚಮಿ" ಅಂತಿದೆ, ಇಸವಿ ಇಲ್ಲ. ಇದನ್ನು ಹೇಗೆ ತಿಳಿಯೋದು? ಮುತ್ತಜ್ಜ "ಧಾತು ಈಶ್ವರದ ಬರದಲ್ಲಿ ಹುಟ್ಟಿದವರು" ಅಂತಲೂ ಹೇಳ್ತಾರೆ.

ಶಾಸನಪ್ರಿಯ:
ಸುಲಭ. ಯುಗಾದಿ ಯಾವ ಇಸವಿಯಲ್ಲಿ ಬಿತ್ತೋ ಆ ಇಸವಿಯಿಂದ 6 ಕಳೆದು 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ, ಶೇಷ ಸೊನ್ನೆ ಆದರೆ 60ನೆಯ ಕ್ಷಯ. ಆನಂದ 48ನೆಯದು. 1914ರಿಂದ 6 ಕಳೆದರೆ 1908, 60ರಿಂದ ಭಾಗಿಸಿದರೆ ಶೇಷ 48. ಅಂದರೆ 1914ರ ಯುಗಾದಿಯಿಂದ 1915ರ ಯುಗಾದಿಯವರೆಗೆ ಆನಂದ. ಅದಕ್ಕೆ ಹಿಂದಿನದು 1854, ಮುಂದಿನದು 1974. ಮಾಘ ಮಾಸ ಬರೋದು ಜನವರಿ-ಫೆಬ್ರವರಿಯಲ್ಲಿ, ಹಾಗಾಗಿ ನಿಮ್ಮ ಕಾಗದ 1915ರ ಆರಂಭದ್ದು. 1914 ಅಂತ ಬರೆದುಕೊಂಡರೆ ತಪ್ಪು, ಬಹಳ ಜನ ಬೀಳೋ ಗುಂಡಿ ಇದು. 1855 ಅಲ್ಲ ಅನ್ನೋದಕ್ಕೆ ಕಾಗದದಲ್ಲಿ ಛಾಪಾ ಮುದ್ರೆ, ಸರ್ವೆ ನಂಬರ್, ಎಕರೆ-ಗುಂಟೆ ಇದೆಯೇ ನೋಡಿ.

ಧಾತು 1876, ಈಶ್ವರ 1877. 1876ರಿಂದ 78ರವರೆಗಿನ ಮಹಾಬರ ಅದು. ಮುತ್ತಜ್ಜ ಹುಟ್ಟಿದ್ದು ಆ ಎರಡು ವರ್ಷಗಳಲ್ಲಿ, ಈ ಕಾಗದ ಆಗುವಾಗ ವಯಸ್ಸು ಮೂವತ್ತೇಳು-ಮೂವತ್ತೆಂಟು. ಹೊಂದುತ್ತೆ. "ಪ್ಲೇಗಿನ ವರ್ಷ" ಅಂದಿದ್ದರೆ ಇಷ್ಟು ಖಚಿತವಾಗಿ ಹೇಳೋಕೆ ಆಗ್ತಿರಲಿಲ್ಲ. ಬೆಂಗಳೂರಿಗೆ 1898ರಲ್ಲಿ ಬಂದ ಪ್ಲೇಗು ಆಮೇಲೂ ಮತ್ತೆಮತ್ತೆ ಬಂದಿದೆ.

ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿಯವರೆಗಿನ ತಿಥಿಗೆ 79. ತಿಥಿಯಿಂದ ಸರಿಯಾದ ತಾರೀಖು, ವಾರ ಬೇಕಾದರೆ ಪರಾಮರ್ಶನ ವಿಭಾಗದಲ್ಲಿ ಸ್ವಾಮಿಕಣ್ಣು ಪಿಳ್ಳೆ ಅವರ ಇಂಡಿಯನ್ ಎಫೆಮೆರಿಸ್ ಕೇಳಿ.

ದೂರದೂರು:
ನ್ಯೂಜೆರ್ಸಿಯಲ್ಲಿರುವವರಿಗೆ ಇದರಲ್ಲಿ ಎಷ್ಟು ಕೂತಲ್ಲೇ ಸಿಗುತ್ತೆ? ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಥರ್ಸ್ಟನ್ ಬರೆದ ಸಂಪುಟಗಳು ಸಿಕ್ಕಿವೆ, ಅವು ಸಾಕಾಗಲ್ವಾ?

ಕಪಾಟು 954:
ಥರ್ಸ್ಟನ್ ಅವರದು 1909ರದು, ಏಳು ಸಂಪುಟ, ಹೆಚ್ಚಾಗಿ ಮದ್ರಾಸ್ ಕಡೆಯ ಮಾಹಿತಿ. ಹಳೇ ಮೈಸೂರಿಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟ ನೋಡಿ. ಎರಡನ್ನೂ ಬೆಡಗುಗಳ ಪಟ್ಟಿಗೆ ಮಾತ್ರ ಬಳಸಿ. ಬೆಡಗು ಗಂಡಿನ ಕಡೆಯಿಂದ ಹರಿದು ಬರುವುದರಿಂದ, ಒಂದೇ ಊರಿನ ಎರಡು ಮನೆ ದಾಯಾದಿಗಳೋ ಅಲ್ಲವೋ ಅಂತ ತಿಳಿಯೋಕೆ ಒಳ್ಳೆಯದು. ಉಳಿದ ಸ್ವಭಾವ ವರ್ಣನೆಯೆಲ್ಲ ಆ ಕಾಲದ ಪೂರ್ವಗ್ರಹ, ನಿಮ್ಮ ಮನೆತನದ ಚರಿತ್ರೆಗೆ ಅದನ್ನು ಎತ್ತಿ ಹಾಕಬೇಡಿ.

ರೈಸ್ ಗ್ಯಾಸೆಟಿಯರ್, ಶಾಸನ ಸಂಪುಟ, ಬಾಂಬೆ ಗ್ಯಾಸೆಟಿಯರ್ ಎಲ್ಲ ಇಂಟರ್‌ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಇವೆ. ಹಿಂದಿನ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳೂ ಅಲ್ಲೇ. ಕಷ್ಟ ಏನೆಂದರೆ ಅವುಗಳ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಹೊಡೆದಿದ್ದಾರೆ, ಒಂದೇ ಪದಕ್ಕೆ ನಾಲ್ಕು ರೂಪ. ಸಂಚಯದವರ ಪುಸ್ತಕ ಸಂಚಯ ತಾಣದಲ್ಲಿ ಕನ್ನಡದಲ್ಲೇ ಹುಡುಕಬಹುದು, ಅಲ್ಲಿಂದ ಶುರು ಮಾಡಿ. ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್‌ನವರು ಹರಿದ್ವಾರದ ಪಂಡರ (ತೀರ್ಥಪುರೋಹಿತರ) ವಹಿಗಳನ್ನು, ಅಂದರೆ ಯಾತ್ರಿಕರ ವಂಶ ಬರೆದಿಟ್ಟ ಪುಸ್ತಕಗಳನ್ನು, ಮೈಕ್ರೋಫಿಲ್ಮ್ ಮಾಡಿದ್ದಾರೆ, ನಿಮ್ಮ ಹಿರಿಯರು ಅಲ್ಲಿಗೆ ಯಾತ್ರೆ ಹೋಗಿದ್ದರೆ ಮಾತ್ರ ಉಪಯೋಗ. ಬೆಂಗಳೂರು ದಂಡು, ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಚರ್ಚ್ ದಾಖಲೆಗಳು.

ಸ್ಮರಣ ಸಂಚಿಕೆ, ಜಾತಿ ಸಂಘದ ಮಾಸಪತ್ರಿಕೆ, ಊರಿನ ಮೇಷ್ಟ್ರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ನೂರು ಪುಟದ ಗ್ರಾಮಚರಿತ್ರೆ, ಇವು ಆನ್‌ಲೈನಿನಲ್ಲಿ ಸಿಗೋದು ಅಪರೂಪ. ಅದಕ್ಕೆ ಊರಿನಲ್ಲಿರುವ ಯಾರನ್ನಾದರೂ ಗ್ರಂಥಾಲಯಕ್ಕೆ ಕಳಿಸಲೇಬೇಕು.

ಕಳಿಸುವಾಗ ಇಷ್ಟು ಹೇಳಿ ಕಳಿಸಿ. ಮುಖ್ಯ ಗ್ರಂಥಾಲಯಾಧಿಕಾರಿಗಳ ಹೆಸರಿಗೆ ಒಂದು ಪುಟದ ಅರ್ಜಿ, ಗುರುತಿನ ಚೀಟಿಯ ನಕಲು, ನೋಡಬೇಕಾದ ಪುಸ್ತಕಗಳ ಪಟ್ಟಿ. ಫೋಟೋ ತೆಗೆಯಲು ಅನುಮತಿಯನ್ನು ಅರ್ಜಿಯಲ್ಲೇ ಕೇಳಬೇಕು. ಹಳೇ ಪುಸ್ತಕವನ್ನು ಜೆರಾಕ್ಸ್ ಯಂತ್ರದ ಮೇಲೆ ಮಗುಚಿ ಒತ್ತಬಾರದು. ಆ ಕಾಲದ ಕಾಗದದಲ್ಲಿ ಆಮ್ಲ ಉಳಿದಿರುತ್ತೆ, ಮಡಚಿದ ಕಡೆ ಹಪ್ಪಳದಂತೆ ಮುರಿಯುತ್ತೆ, ಬೆನ್ನಿನ ಹೊಲಿಗೆ ಬಿಡುತ್ತೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಪುಟಕ್ಕೆ ಸಮನಾಗಿ ಹಿಡಿದು ತೆಗೆಯಲಿ. ಮೊದಲ ಫೋಟೋ ಮುಖಪುಟ, ಎರಡನೆಯದು ಪ್ರಕಾಶನದ ವಿವರದ ಪುಟ, ಆಮೇಲೆ ಬೇಕಾದ ಪುಟ, ಪುಟಸಂಖ್ಯೆ ಕಾಣುವಂತೆ. ಬರೀ ದಾನಿಗಳ ಪಟ್ಟಿಯ ಫೋಟೋ ಕಳಿಸಿದರೆ ಆರು ತಿಂಗಳ ಮೇಲೆ ಅದು ಯಾವ ಪುಸ್ತಕದ್ದು ಅಂತ ಯಾರಿಗೂ ತಿಳಿಯೋದಿಲ್ಲ.

ಖಾತೆ ಕಿರ್ದಿ:
ತೆಂಗಿನತೋಟ ಅವರಿಗೆ ಒಂದು ಕೊನೇ ಮಾತು. 1915ರ ಕಾಗದ ನೋಂದಾಯಿತ ಪತ್ರವೇ ನೋಡಿ. ಹಿಂಬದಿಯಲ್ಲಿ ಸಬ್ ರಿಜಿಸ್ಟ್ರಾರ್ ಷರಾ, ಪುಸ್ತಕದ ಸಂಖ್ಯೆ, ಸಂಪುಟ, ಪುಟ ಇದ್ದರೆ ಆ ಮೂರನ್ನೂ ಬರೆದುಕೊಂಡು ನಕಲಿಗೆ ಅರ್ಜಿ ಹಾಕಿ. ಜೊತೆಗೆ ಅದರ ಹಿಂದೆ ಮುಂದೆ ಐದೈದು ವರ್ಷಕ್ಕೆ ಹೆಸರಿನ ಮೇಲೆ ಇಂಡೆಕ್ಸ್ 1, ಜಮೀನಿನ ಮೇಲೆ ಇಂಡೆಕ್ಸ್ 2 ಹುಡುಕಿಸಿ. ಪತ್ರದಲ್ಲಿ "ಇಂಥವರ ಮಗ" ಅಂತ ಬರೆದೇ ಇರುತ್ತಾರೆ, ನೀವು ಕೇಳಿದ ಹೆಸರು ಸಿಗುವ ಸಾಧ್ಯತೆ ಹೆಚ್ಚು ಇರೋದು ಅಲ್ಲಿ. ಪಿತ್ರಾರ್ಜಿತ ಅಂತ ಬರೆದಿದ್ದಾರೋ ಸ್ವಯಾರ್ಜಿತ ಅಂತಲೋ ಅದನ್ನೂ ನೋಡಿ. ಸ್ವಯಾರ್ಜಿತ ಅಂತಿದ್ದು, ಊರಿನಲ್ಲಿ ಅದಕ್ಕೆ ಹಿಂದಿನ ಖಾತೆಯೇ ಇಲ್ಲದಿದ್ದರೆ, ಬಹುಶಃ ಬಂದು ನೆಲೆ ನಿಂತ ತಲೆಮಾರು ಅದೇ. ಅಲ್ಲಿಂದ ಮುಂದೆ ಮನೆದೇವರ ಊರಿನಲ್ಲಿ ಹುಡುಕಬೇಕು.

ತೆಂಗಿನತೋಟ:
ಹಿಂಬದಿಯಲ್ಲಿ ಸೀಲ್ ಇದೆ, ಪುಸ್ತಕ 1, ಸಂಪುಟದ ಅಂಕಿ ಮಾಸಿದೆ, ಪುಟ ಕಾಣುತ್ತೆ. ಮನೆದೇವರು ಹೊಸದುರ್ಗದ ಕಡೆ.

ಖಾತೆ ಕಿರ್ದಿ:
ಸಂಪುಟ ಮಾಸಿದ್ದರೂ ಪರವಾಗಿಲ್ಲ, ದಸ್ತಾವೇಜಿನ ನಂಬರ್ ಮತ್ತು ವರ್ಷ ಇದ್ದರೆ ಸಾಕು. ಹೊಸದುರ್ಗ ಅಂದರೆ ಚಿತ್ರದುರ್ಗ ಜಿಲ್ಲೆ. ಶಾಸನ ಸಂಪುಟ 11, ಹಳೇ ಪುಸ್ತಕಗಳಲ್ಲಿ ಚಿತಲದ್ರುಗ್ ಅಂತ ಹುಡುಕಿ. ಆ ದೇವಸ್ಥಾನದ ಜೀರ್ಣೋದ್ಧಾರದ ಸಂಚಿಕೆ ಏನಾದರೂ ಬಂದಿದೆಯೇ ಅಂತ ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯದಲ್ಲೂ, ದೇವಸ್ಥಾನದ ಪೂಜಾರರ ಹತ್ತಿರವೂ ಕೇಳಿ. ಒಕ್ಕಲಿನ ಪಟ್ಟಿ ಪೂಜಾರರ ಹತ್ತಿರ ಇರೋ ಸಂಭವ ಹೆಚ್ಚು.